ಅತ್ತೆಯ ಚಂಚಿಯೊಳಗಿನ ಪುಡಿ

ಆಕೆ ನೀರಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತಳ ನೋಡಿದಳು, ಅಂಚು ನೋಡಿದಳು, ಮೂಗಿನ ಹತ್ತಿರ ಒಯ್ದು ವಾಸನೆ ನೋಡಿದಳು. ಆಮೇಲೆ ಕುಡಿಯದೆ ಮೇಜಿನ ಮೇಲೆ ನನ್ನ ಕಡೆ ಸರಿಸಿ, "ನೀವು ಮೊದ್ಲ ಕುಡೀರಿ ಅಕ್ಕಾರ" ಎಂದಳು. ನಾನು ಅರ್ಧ ಕುಡಿದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತ ಕೂತಳು. ನಾನು ಸಾಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಉಳಿದ ನೀರನ್ನು ಗಟಗಟ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಇಳಕಲ್ಲಿನ ಒಂದು ಧರ್ಮಾರ್ಥ ದವಾಖಾನೆಯ ಹಿಂದಿನ ಕೋಣೆಯಲ್ಲಿ ಪ್ರತಿ ಬುಧವಾರ ಕೂತು, ಮನಸ್ಸಿಗೆ ನೆಟ್ಟಗಿಲ್ಲದವರ ಜೊತೆ ಮಾತಾಡುವುದು ನನ್ನ ಕೆಲಸವಾಗಿತ್ತು. ಔಷಧ ಬರೆಯುವವರು ಬೇರೆ. ಮನೋವೈದ್ಯರು ತಿಂಗಳಿಗೊಮ್ಮೆ ಹೊರಗಿನಿಂದ ಬರುತ್ತಿದ್ದರು, ಆ ದಿನ ದವಾಖಾನೆಯ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಾನು ಬಾಗಲಕೋಟೆಯಿಂದ ಬೆಳಗಿನ ಬಸ್ಸು ಹಿಡಿದು ಅಮೀನಗಡ, ಹುನಗುಂದ ದಾಟಿ ಬರುತ್ತಿದ್ದೆ. ಆ ದಾರಿಯ ಕಂಡಕ್ಟರ್, "ಬರೇ ಮಾತಾಡಾಕ ಪಗಾರ ಕೊಡ್ತಾರೇನ್ರಿ ಅಕ್ಕಾರ? ಹಂಗಾರ ನಮ್ಮವ್ವಗೂ ಒಂದು ನೌಕರಿ ಕೊಡಸ್ರಿ" ಎಂದು ಛೇಡಿಸುತ್ತಿದ್ದ.

ಸಂಶಯ ನನ್ನ ಹುಟ್ಟುಗುಣ, ಮುಚ್ಚಿಡುವುದೇಕೆ? ಕಾಯಿಪಲ್ಲೆ ಮಾರುವವಳ ತಕ್ಕಡಿಯ ಕೆಳಗೆ ಕೈಯಾಡಿಸಿ ನೋಡುವವಳು ನಾನು. ಯಾರಾದರೂ ಹೊಗಳಿದರೆ ಇವರಿಗೆ ನನ್ನಿಂದ ಏನು ಬೇಕಾಗಿದೆ ಎಂದು ಲೆಕ್ಕ ಹಾಕುವವಳು. ನನಗೆ ಈ ವಿದ್ಯೆ ಕಲಿಸಿದ ಗುರುಗಳು, "ಈ ಗುಣ ನಿನ್ನ ಕೆಲಸಕ್ಕೆ ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು" ಅಂದಿದ್ದರು. ಒಳ್ಳೆಯದು ಎಂಬ ಅರ್ಧವನ್ನಷ್ಟೇ ನಾನು ನೆನಪಿಟ್ಟುಕೊಂಡಿದ್ದೆ. ಇನ್ನೊಂದು ಠೇಂಕಾರವೂ ನನಗಿತ್ತು: ರೋಗಿಯ ಹಳೆಯ ಹಾಳೆಗಳನ್ನು ನಾನು ತಿರುವಿ ನೋಡುತ್ತಿರಲಿಲ್ಲ. ಬೇರೆಯವರ ಅಭಿಪ್ರಾಯದ ಕಸ ನನ್ನ ತಲೆಗೆ ಬೇಡ, ಮನುಷ್ಯರನ್ನು ಹೊಸದಾಗಿ ನೋಡಬೇಕು ಎಂಬುದು ನನ್ನ ನಿಯಮ.

ಆಕೆ ನೇಕಾರರ ಮನೆಯ ಸೊಸೆ. ವಯಸ್ಸು ಇಪ್ಪತ್ತಾರರ ಆಸುಪಾಸು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಆ ಮನೆಯಲ್ಲಿ ಗಂಡ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ, ಕೊಂಡಿ ಹಾಕುವ ಕೈ ಇವಳದು. ಈಗ ಆ ಬೆರಳುಗಳು ಮೇಜಿನ ಮೇಲೆ ಸುಮ್ಮನಿದ್ದಾಗಲೂ ನಡುಗುತ್ತಿದ್ದವು.

"ಊಟದಾಗ ಏನೋ ಬೆರಸ್ತಾರ್ರಿ" ಎಂದಳು. "ಯಾರೂ ಅಲ್ಲ, ನಮ್ಮತ್ತಿನ. ಉಂಡು ತಾಸಾಗೂದರಾಗ ನಾಲಿಗಿ ದಪ್ಪ ಆಕ್ಕೈತಿ. ಕುತ್ತಿಗಿ ಹಿಡಕೋತೈತಿ. ಕೈ ನನ್ನ ಮಾತು ಕೇಳಂಗಿಲ್ಲ. ಯಾರ ಮುಂದ ಹೇಳಿದ್ರೂ ಹುಚ್ಚು ಅಂತಾರ. ನೀವೂ ಅಂತೀರೇನು?"

"ನಾ ಇನ್ನೂ ಏನೂ ಅಂದಿಲ್ಲವ್ವಾ. ನೀ ಹೇಳು."

"ನಮ್ಮತ್ತಿ ಚಂಚ್ಯಾಗ ಬಿಳೇ ಪುಡಿ ಐತಿ. ಸುಣ್ಣ ಅಂತಾಳ. ಸುಣ್ಣಕ್ಕ ಯಾರ ಪುಡಿಕಿ ಕಟ್ಟತಾರ್ರಿ?"

ಚಂಚಿ ಎಂದರೆ ನಮ್ಮ ಕಡೆಯ ಮುದುಕಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆ ಅಡಿಕೆಯ ಬಟ್ಟೆ ಚೀಲ. ಒಳಗೆ ನಾಲ್ಕಾರು ಅರೆಗಳಿರುತ್ತವೆ. ಯಾವ ಅರೆಯಲ್ಲಿ ಏನಿದೆ ಎಂದು ಇಟ್ಟುಕೊಂಡವಳಿಗೇ ಗೊತ್ತು.

ಆಮೇಲೆ ಗಂಡನನ್ನು ಕರೆದೆ. ಸಣಕಲು ಆಳು, ಮಾತು ಕಡಿಮೆ. ಹೋಳಿ ಹುಣ್ಣಿಮೆಯ ಸುಮಾರಿಗೆ ಹೆಂಡತಿಗೆ ಹುಟ್ಟಿದ ಕೂಸು ಉಳಿಯಲಿಲ್ಲ, ಎಂಟು ದಿನ ಆಕೆ ನಿದ್ದೆ ಮಾಡಲಿಲ್ಲ, ಖಾಲಿ ತೊಟ್ಟಿಲ ಜೊತೆ ಮಾತಾಡಿದಳು, ಎದುರು ಬಂದವರ ಮೇಲೆ ನೀರು ಎರಚಿದಳು. ಆಗ ಇದೇ ದವಾಖಾನೆಗೆ, ವೈದ್ಯರು ಬರುವ ದಿನ ಕರೆತಂದಿದ್ದರು. "ಆವತ್ತಿನಿಂದ ನಮ್ಮವ್ವ ತಪ್ಪದ ಔಷಧ ಕೊಡತಾಳ್ರಿ. ಎಲ್ಲಾ ಆಕಿ ಕೈಯಾಗ ಐತಿ" ಎಂದ. ಆಮೇಲೆ, "ಈಗ ಮಗಳಿಗೂ ಮನ್ಯಾಗಿಂದು ಉಣಸಗೊಡವಲ್ಲಳು. ನಾಕ ವರ್ಷದ ಕೂಸು. ಚುರಮುರಿ, ಬಾಳಿಹಣ್ಣು ತಿನಿಸಿ ಮಲಗಸ್ತಾಳ. ಕೂಸಿನ ಎಲವು ಎಣಸಬೌದ್ರಿ" ಎಂದ.

ಮಹಾನವಮಿ ಮುಗಿದ ಮೇಲೆ ಓಣಿಯ ಹಿರಿಯರು ಕೂಡುವವರಿದ್ದರು. ಗಂಡಹೆಂಡಿರನ್ನು ಬಿಡಿಸಿ ಸೋಡಚೀಟಿ ಬರೆಯುವುದು, ಆಕೆಯನ್ನು ಬಾದಾಮಿಯ ತವರಿಗೆ ಕಳಿಸುವುದು, ಮಗಳನ್ನು ಇಲ್ಲೇ ಇಟ್ಟುಕೊಳ್ಳುವುದು ಎಂದು ಮಾತು ನಡೆದಿತ್ತು. "ನನಗ ಮನಸಿಲ್ರಿ. ಆದ್ರ ಹಡದವ್ವನ್ನ ವಿಷಾ ಹಾಕಾಕಿ ಅಂದ್ರ ಎಷ್ಟ ದಿನಾ ಅಂತ ಕೇಳಲಿ?" ಎಂದು ತಲೆ ತಗ್ಗಿಸಿದ. ಹೀಗಾಗಿ ನನ್ನ ಮುಂದಿದ್ದದ್ದು ಆಕೆಯ ನಡುಗುವ ಕೈಯಷ್ಟೇ ಅಲ್ಲ. ಆಕೆಯ ಮಾತನ್ನು ಹುಚ್ಚು ಎಂದು ನಾನು ಬರೆದರೆ ಮಗಳು ಆಕೆಯ ಕೈತಪ್ಪುತ್ತಿದ್ದಳು.

ಕೊನೆಗೆ ಅತ್ತೆ ಬಂದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಸೊಂಟದಲ್ಲಿ ಅದೇ ಚಂಚಿ. ಬಾಗಿಲು ಮುಚ್ಚಿ, ಹತ್ತಿರ ಬಂದು ನನ್ನ ಕೈ ಹಿಡಿದು ಗಟ್ಟಿಯಾಗಿ ಒತ್ತಿದಳು. "ನಾ ಏನ್ ಹೇಳೂದೈತ್ರಿ ಅಕ್ಕಾರ? ನಿಮಗ ಎಲ್ಲಾ ಗೊತ್ತ ಐತಲ್ಲ" ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ಎಲಾ ಮುದುಕಿ, ನನ್ನನ್ನೇ ತನ್ನ ಕಡೆ ಎಳೆದುಕೊಳ್ಳಲು ನೋಡುತ್ತಾಳಲ್ಲ! ಕೈ ಬಿಡಿಸಿಕೊಂಡು, "ನನಗ ಏನೂ ಗೊತ್ತಿಲ್ಲ" ಎಂದೆ. ಆಕೆ ಒಂದು ಗಳಿಗೆ ತಬ್ಬಿಬ್ಬಾದಳು, ಆಮೇಲೆ ಏನೋ ಅರ್ಥವಾದವಳಂತೆ ತಲೆಯಾಡಿಸಿ, "ಹೌದ್ರಿ ಹೌದ್ರಿ, ಹಂಗs ಅನಬೇಕು" ಎಂದು ಹೋದಳು. ಅವತ್ತೇ ನನ್ನ ನೋಟುಪುಸ್ತಕದಲ್ಲಿ ಅತ್ತೆಯ ಮೇಲೆ ಕಣ್ಣಿಡಬೇಕು ಎಂದು ಬರೆದು ಕೆಳಗೆ ಗೆರೆ ಎಳೆದೆ.

ಮುಂದಿನ ಬುಧವಾರಗಳಲ್ಲಿ ಕ್ರಮವಾಗಿ ಕೆಲಸ ಮಾಡಿದೆ. ಎಂದು ಏನು ಉಂಡಳು, ಯಾರು ಬಡಿಸಿದರು, ಎಷ್ಟು ಹೊತ್ತಿಗೆ ನಾಲಿಗೆ ದಪ್ಪವಾಯಿತು ಎಂದು ಕೇಳಿ ಬರೆದುಕೊಂಡೆ. ಆಕೆ ಓದುಬರಹ ಬಲ್ಲವಳಲ್ಲ. ಆದರೆ ಲೆಕ್ಕ ತಪ್ಪುತ್ತಿರಲಿಲ್ಲ. ಒಂದು ನೂಲಿನ ತುಂಡಿಗೆ ದಿನಕ್ಕೊಂದರಂತೆ ಗಂಟು ಹಾಕಿ ತರುತ್ತಿದ್ದಳು. ಕೈ ತೀರಾ ಕೆಟ್ಟ ದಿನ ಎರಡು ಗಂಟು. ಸೋಮವಾರ ಉಪವಾಸ, ಮರುದಿನ ಸ್ವಲ್ಪ ಹಗುರ. ಪುಂಡಿಪಲ್ಲೆ ಮಾಡಿದ ದಿನ ಖಂಡಿತ ಎರಡು ಗಂಟು. ಪುಂಡಿಪಲ್ಲೆಯ ಹುಳಿಯಲ್ಲಿ ಎಂಥ ಕಹಿಯೂ ಮುಚ್ಚಿಹೋಗುತ್ತದೆಂದು ಯಾರಿಗೆ ಗೊತ್ತಿಲ್ಲ?

ಆ ಸತ್ತ ಕೂಸಿನ ಬಗ್ಗೆಯೂ ಮಾತು ತೆಗೆದೆ. ಆಕೆ ಗೋಡೆಯ ಕಡೆ ಮುಖ ಮಾಡಿ, "ಮಾರಿ ಸೈತ ತೋರಸಲಿಲ್ರಿ ನನಗ. ಒಯ್ದಬಿಟ್ರು" ಎಂದಳು. ಇದು ಹುಚ್ಚಲ್ಲ, ಅಳುವುದಕ್ಕೆ ಜಾಗ ಸಿಗದ ದುಃಖ ಎಂದು ನನಗೆ ಅವತ್ತು ಅನಿಸಿತ್ತು. ಅನಿಸಿದ್ದನ್ನು ಹಿಡಿದು ಮುಂದೆ ಹೋಗುವ ಬದಲು ನಾನು ಮತ್ತೆ ಚಂಚಿಗೆ ವಾಪಸು ಬಂದೆ, ಅಪರಾಧಿಯನ್ನು ಹಿಡಿಯುವ ಚಟ ನನಗೆ ಅಷ್ಟು ಹತ್ತಿತ್ತು.

"ದವಾಖಾನಿ ಗುಳಿಗಿ ತಗೋತೀಯಿಲ್ಲೋ?" ಎಂದು ಕೇಳಿದೆ.

"ನನಗ್ಯಾರ ಗುಳಿಗಿ ಕೊಟ್ಟಾರ್ರಿ? ಒಂದು ಗುಳಿಗಿ ಕಣ್ಣೀಲೆ ನೋಡಿಲ್ಲ."

ಮಗ ಹೇಳುತ್ತಾನೆ ಅವ್ವ ತಪ್ಪದೆ ಕೊಡುತ್ತಾಳೆ ಎಂದು. ಸೊಸೆ ಹೇಳುತ್ತಾಳೆ ಕೊಟ್ಟೇ ಇಲ್ಲ ಎಂದು. ಸರಿ, ಎಲ್ಲ ತಿಳಿಯಿತು ಅಂದುಕೊಂಡೆ. ಮುದುಕಿ ನಮ್ಮ ಔಷಧವನ್ನು ಒಯ್ದು ಗಟಾರಿಗೆ ಚೆಲ್ಲುತ್ತಿದ್ದಾಳೆ, ಅದರ ಬದಲು ಬೇರೇನೋ ಹಾಕುತ್ತಿದ್ದಾಳೆ. ಸೊಸೆ ಹೋದರೆ ಮಗನಿಗೆ ಇನ್ನೊಂದು ಮದುವೆ ಮಾಡಬಹುದಲ್ಲ! ಇಂಥ ಔಷಧದಿಂದಲೂ ಕೈ ನಡುಗುತ್ತದೆ, ಕುತ್ತಿಗೆ ಬಿಗಿಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಔಷಧ ಇವಳ ಹೊಟ್ಟೆಗೆ ಹೋಗುತ್ತಲೇ ಇಲ್ಲ ಎಂದು ನಾನೇ ತೀರ್ಪು ಕೊಟ್ಟಾಗಿತ್ತು.

ವೈದ್ಯರು ಬಂದ ದಿನ ಆಕೆಯ ಸರದಿ ಬಂದಾಗ ಪಕ್ಕದಲ್ಲೇ ನಿಂತೆ. "ಸಂಶಯ ಜಾಸ್ತಿ ಆಗಿದೆಯಾ? ಸರಿ, ಸ್ವಲ್ಪ ಏರಿಸೋಣ. ನಡುಕಕ್ಕೆ ಇನ್ನೊಂದು ಸೇರಿಸೋಣ" ಎಂದು ಬರೆಯತೊಡಗಿದರು. ನಾನು ಬಗ್ಗಿ, ಔಷಧ ಹೊಟ್ಟೆಗೆ ಹೋಗುತ್ತಿಲ್ಲವೆಂದು ನನ್ನ ಅನುಮಾನ ಎಂದೆ. ಅವರು ಪೆನ್ನು ನಿಲ್ಲಿಸದೆ, "ಹೋಗ್ತಿಲ್ಲ ಅಂದ್ರೆ ನಡುಕ ಯಾಕೆ ಬರುತ್ತೆ?" ಎಂದರು. ಸರಿಯಾದ ಪ್ರಶ್ನೆ. ಅಷ್ಟರಲ್ಲಿ ಮುಂದಿನ ರೋಗಿಯನ್ನು ನಾಲ್ಕು ಜನ ಎತ್ತಿಕೊಂಡು ಬಂದರು, ಪ್ರಶ್ನೆ ಅಲ್ಲೇ ಉಳಿಯಿತು.

ಪಂಚಮಿಗೆ ಆಕೆ ಬಾದಾಮಿಯ ತವರಿಗೆ ಹೋದಳು. ಪಂಚಮಿಗೆ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ ಎನ್ನಲು ಯಾವ ಅತ್ತೆಗೂ ಬಾಯಿಲ್ಲ. ಹದಿನೈದು ದಿನದ ಮೇಲೆ ತಿರುಗಿ ಬಂದವಳನ್ನು ನೋಡಿ ನಾನು ದಂಗಾದೆ. ಕುತ್ತಿಗೆ ನೆಟ್ಟಗಿತ್ತು, ಮಾತು ಸ್ಪಷ್ಟವಿತ್ತು. ಎರಡೂ ಕೈ ಮುಂದೆ ಚಾಚಿ, "ನೋಡ್ರಿ ಅಕ್ಕಾರ" ಎಂದಳು. ಬೆರಳು ಹೆಚ್ಚುಕಡಿಮೆ ಸುಮ್ಮನಿದ್ದವು.

ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ. ಆ ಭಾನುವಾರ ನಾನೇ ಬಾದಾಮಿಗೆ ಹೋದೆ. ಹೊಂಡದ ಬದಿಯ ಓಣಿಯಲ್ಲಿ ಆಕೆಯ ತಾಯಿಯ ಮನೆ. ತಾಯಿ ನನ್ನ ಮುಂದೆ ಶೇಂಗಾ ಉಂಡಿಯ ತಾಟು ಇಟ್ಟು, "ಬಂದಾಗ ಕಟಿಗಿ ಆಗಿದ್ಲ್ರಿ. ಎರಡ ದಿನ ಎಲ್ಲಾ ಮೂಸಿ ಮೂಸಿ ನೋಡಿದ್ಲು. ಮೂರನೇ ದಿನದಿಂದ ರೊಟ್ಟಿ ಅಂದ್ರ ರೊಟ್ಟಿ, ಉಂಡಿ ಅಂದ್ರ ಉಂಡಿ. ಜೋಕಾಲಿ ಜೀಕಿದ್ಲು ನನ್ನ ಮಗಳು!" ಎಂದು ಕಣ್ಣು ಒರೆಸಿಕೊಂಡಳು. ಔಷಧ ಏನಾದರೂ ತಂದಿದ್ದಳೇ ಎಂದರೆ ಇಲ್ಲ. ಅತ್ತೆ ಏನಾದರೂ ಕಟ್ಟಿ ಕಳಿಸಿದ್ದಳೇ ಎಂದರೆ ಅದೂ ಇಲ್ಲ.

ಇನ್ನೇನು ಬೇಕು? ತವರಲ್ಲಿ ಆರಾಮ, ಗಂಡನ ಮನೆಯಲ್ಲಿ ರೋಗ. ಹತ್ತು ದಿನ ಕಳೆಯುವಷ್ಟರಲ್ಲಿ ಕೈ ಮತ್ತೆ ನಡುಗತೊಡಗಿತು, ನೂಲಿನಲ್ಲಿ ಎರಡೆರಡು ಗಂಟು. ನಾನು ಠಾಣೆಯ ಮೆಟ್ಟಿಲು ಹತ್ತುವುದೊಂದೇ ಬಾಕಿ. ಆದರೆ ಕೈಯಲ್ಲಿ ಸಾಕ್ಷಿ ಇರಲಿಲ್ಲ. ಆಗ ನಾನು ಮಾಡಬಾರದ ಕೆಲಸ ಮಾಡಿದೆ. "ಜಗಳಾಡಬ್ಯಾಡ. ಸುಮ್ಮ ನೋಡು. ಸಿಕ್ರ ಒಂದು ಪುಡಿಕಿ ನನಗ ತಂದು ಕೊಡು" ಎಂದೆ. ಮನೆಯವರನ್ನು ನಂಬದ ರೋಗಿಯನ್ನು ಅದೇ ಮನೆಯಲ್ಲಿ ಗೂಢಚಾರಿಣಿಯನ್ನಾಗಿ ಮಾಡು ಎಂದು ಯಾವ ಗುರುವೂ ನನಗೆ ಕಲಿಸಿರಲಿಲ್ಲ.

ಮುಂದಿನ ಬುಧವಾರ ಆಕೆ ಬಾಗಿಲು ಹಾಕಿಕೊಂಡು, ಸೆರಗಿನ ಗಂಟು ಹಲ್ಲಿನಿಂದ ಬಿಚ್ಚಿ, ಹೆಬ್ಬೆರಳಿನಷ್ಟು ದೊಡ್ಡದೊಂದು ಪೊಟ್ಟಣ ಮೇಜಿನ ಮೇಲಿಟ್ಟಳು. "ಸುಣ್ಣದ ಡಬ್ಬಿ ತೆಳಗ ಇಟ್ಟಿದ್ಲು. ಪಲ್ಲೆ ತಿರುವುವಾಗ ಹಾಕ್ತಾಳ. ನಿನ್ನಿ ನಾ ಕಂಡೆ." ಮುಖದಲ್ಲಿ ಗೆದ್ದ ಕಳೆ ಇತ್ತು. ನನ್ನ ಮುಖದಲ್ಲೂ ಇದ್ದಿರಬೇಕು.

ಬಿಚ್ಚಿದೆ. ಬಿಳಿ ಪುಡಿ. ಬೆರಳ ತುದಿಯಿಂದ ನಾಲಿಗೆಗೆ ಮುಟ್ಟಿಸಿದೆ, ವಿಪರೀತ ಕಹಿ. ಪುಡಿಯನ್ನು ಬೇರೆ ಹಾಳೆಗೆ ಸುರಿದು, ಪೊಟ್ಟಣದ ಕಾಗದವನ್ನು ಸಾಕ್ಷಿಗೆಂದು ಮೇಜಿನ ಮೇಲೆ ಬಿಡಿಸಿ ಸವರಿದೆ. ಹರಿದ ಕಾಗದದ ಮೇಲೆ ಅಚ್ಚಿನ ಅಕ್ಷರ: ರೋಗಿಯ ಹೆಸರು, ಓಣಿ, ವಯಸ್ಸು. ಅದು ನಮ್ಮ ದವಾಖಾನೆಯದೇ ಹಳೆಯ ಫಾರಂ. ನಮ್ಮ ಕಾಂಪೌಂಡರ್ ಪುಡಿ ಕಟ್ಟಲು ಹರಿದು ಇಟ್ಟುಕೊಳ್ಳುತ್ತಿದ್ದದ್ದು.

"ಯಾಕ್ರಿ ಅಕ್ಕಾರ, ಮಾರಿ ಹಂಗ್ಯಾಕ ಆತು?" ಆಕೆ ಕುರ್ಚಿಯಿಂದ ಅರ್ಧ ಎದ್ದಿದ್ದಳು. "ನಿಮಗ ಇದು ಗೊತ್ತಿದ್ದದ್ದೇನು?"

"ಒಂದೀಟು ಹೊರಗ ಕುಂಡ್ರವ್ವಾ. ಬಂದೆ" ಎಂದು ಹೇಗೋ ಹೇಳಿ ಕಾಂಪೌಂಡರನ ಕಿಟಕಿಗೆ ಓಡಿದೆ. ಅವರು ವಯಸ್ಸಾದ ಮುಸಲ್ಮಾನರು, ದವಾಖಾನೆ ಶುರುವಾದಂದಿನಿಂದ ಇದ್ದವರು. ಎಲ್ಲರೂ ಚಾಚಾ ಎನ್ನುತ್ತಿದ್ದೆವು.

"ಚಾಚಾ, ಇದೇನಿದು?"

ಕನ್ನಡಕ ಏರಿಸಿ ನೋಡಿದರು. "ನಮ್ಮದs ಐತಲ್ರಿ. ಗುಳಿಗಿ ಅರದು ನಾನs ಪುಡಿಕಿ ಕಟ್ಟಿದ್ದು. ಮುದುಕಿ ತಿಂಗಳಾ ಬಂದು ಒಯ್ತಾಳ. ಪಾಪ, ಒಂದ ತಿಂಗಳಾ ತಪ್ಪಿಸಿಲ್ಲ."

"ಅರೆದು ಕೊಡು ಅಂತ ಯಾರು ಹೇಳಿದ್ರು?"

ಚಾಚಾ ನನ್ನನ್ನು ವಿಚಿತ್ರವಾಗಿ ನೋಡಿದರು. "ನೀವs ಬರದೀರಲ್ರಿ."

ಕಪಾಟಿನಿಂದ ಫೈಲು ತೆಗೆಸಿದೆ. ನಾನು ಎಂದೂ ತಿರುವದ ಮೊದಲ ಹಾಳೆ. ಮೇಲೆ ವೈದ್ಯರ ಗೀಚು, ಕೆಳಗೆ ನನ್ನ ದುಂಡಗಿನ ಅಕ್ಷರ: "ರೋಗಿ ಔಷಧ ಒಲ್ಲೆನ್ನುತ್ತಾಳೆ. ಪುಡಿ ಮಾಡಿ ಊಟದಲ್ಲಿ ಬೆರೆಸಿ ಕೊಡುವಂತೆ ಅತ್ತೆಗೆ ತಿಳಿಸಿದೆ. ಗುಟ್ಟಾಗಿಡಲು ಹೇಳಿದೆ." ಕೆಳಗೆ ನನ್ನದೇ ಸಹಿ.

ಆಗ ಎಲ್ಲ ನೆನಪಾಯಿತು, ನೆನಪಾಗಬಾರದಾಗಿತ್ತು ಅನಿಸುವಷ್ಟು. ಹೋಳಿಯ ನಂತರದ ಆ ಗದ್ದಲದ ದಿನ. ಔಷಧ ಒಲ್ಲೆನ್ನುವವರ ಮನೆಯವರಿಗೆ ಹೀಗೆ ಹೇಳಿ ಕಳಿಸುವುದು ನಮ್ಮಲ್ಲಿ ರೂಢಿಯೇ ಆಗಿತ್ತು, ಅವತ್ತು ಎಷ್ಟು ಜನಕ್ಕೆ ಹೇಳಿದ್ದೆನೋ. ಬಾಗಿಲ ಹತ್ತಿರ ಒಬ್ಬ ಮುದುಕಿಯನ್ನು ನಿಲ್ಲಿಸಿ, "ಯಾರ ಮುಂದೂ ಬಾಯಿ ಬಿಡಬ್ಯಾಡ. ಮಗನ ಮುಂದೂ ಹೇಳಬ್ಯಾಡ, ಆಕಿಗೆ ಗೊತ್ತಾಕ್ಕೈತಿ. ಆಣಿ ಮಾಡು" ಎಂದಿದ್ದೆ. ನನ್ನ ಬಾಯಲ್ಲಿ ಆಣೆ ಬರೀ ಮಾತಿನ ಒಂದು ರೀತಿ. ಆಕೆ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ ಏನೋ ಅಂದಿದ್ದಳು. ಅದನ್ನು ಪೂರ್ತಿ ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ, ಮುಂದಿನವರನ್ನು ಕೂಗಿದ್ದೆ.

ಕೈ ಒತ್ತಿ, ನಿಮಗೆಲ್ಲ ಗೊತ್ತೈತಲ್ಲ ಎಂದಿದ್ದು ಲಂಚವಲ್ಲ. ಬರೀ ನಿಜ.

ಸೊಸೆಯನ್ನು ಅವತ್ತು ಸುಳ್ಳು ಹೇಳಿ ಮನೆಗೆ ಕಳಿಸಿದೆ. ಪುಡಿಯನ್ನು ಪರೀಕ್ಷೆಗೆ ಕಳಿಸಬೇಕು, ನಾಳೆ ನಾನೇ ಬರುತ್ತೇನೆ ಎಂದೆ. ಆಕೆ ನನ್ನ ಮುಖ ನೋಡುತ್ತಲೇ ಹೋದಳು. ಅಂಚೆ ಕಚೇರಿಗೆ ಹೋಗಿ ವೈದ್ಯರಿಗೆ ಟ್ರಂಕ್ ಕಾಲ್ ಹಾಕಿ ಎರಡು ತಾಸು ಕಾದೆ. ವೈದ್ಯರು ಕೆಟ್ಟವರಲ್ಲ. ಎಲ್ಲ ಕೇಳಿ, "ಛೆ, ಮೂರು ವಾರಕ್ಕೆ ನಿಲ್ಲಿಸಬೇಕಾಗಿದ್ದ ಔಷಧ. ಸಂಶಯ ಅಂತ ನಾವು ಏರಿಸಿದ ಹಾಗೆಲ್ಲ ಸಂಶಯ ಹೆಚ್ಚಾಗಿದೆ" ಎಂದರು. ಆಮೇಲೆ, "ಆದರೆ ಹೇಳಬೇಡಿ. ಈಗ ಹೇಳಿದರೆ ಜನ್ಮದಲ್ಲಿ ಯಾವ ಡಾಕ್ಟರನ್ನೂ ನಂಬಲ್ಲ ಆಕೆ. ಸದ್ದಿಲ್ಲದೆ ಕಡಿಮೆ ಮಾಡಿ ನಿಲ್ಲಿಸೋಣ. ನಡುಕಾನೂ ಹೋಗುತ್ತೆ, ಸಂಶಯಾನೂ ಹೋಗುತ್ತೆ" ಎಂದರು.

ಎಷ್ಟು ಚೆಂದದ ಮಾತು! ಎಲ್ಲರೂ ಪಾರಾಗುತ್ತಿದ್ದರು, ಎಲ್ಲರಿಗಿಂತ ಮೊದಲು ನಾನು. ಬಾಗಲಕೋಟೆಯ ಬಸ್ಸಿನಲ್ಲಿ ಅಮೀನಗಡದವರೆಗೂ ಅದನ್ನೇ ಒಪ್ಪಿಕೊಂಡು ಕೂತಿದ್ದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿದ್ದ ಹೆಂಗಸು ಕರದಂಟಿನ ಪೊಟ್ಟಣ ಬಿಚ್ಚಿ ನನಗೊಂದು ತುಂಡು ಚಾಚಿದಳು. ಬೇಡ ಎಂದೆ. ಗುರುತಿಲ್ಲದವರು ಕೊಟ್ಟದ್ದನ್ನು ನಾನು ತಿನ್ನುವುದಿಲ್ಲ. ಹಾಗೆ ಅಂದುಕೊಂಡ ಕೂಡಲೇ ಆಕೆ ಬೆಳಕಿಗೆ ಹಿಡಿದ ನೀರಿನ ಲೋಟ ಕಣ್ಣ ಮುಂದೆ ಬಂತು. ಸುಮ್ಮನೆ ಔಷಧ ನಿಲ್ಲಿಸಿದರೆ ಆಕೆ ಗುಣವಾಗುತ್ತಾಳೆ, ನಿಜ. ಗುಣವಾಗಿ, ತನಗೆ ಆರು ತಿಂಗಳು ಹುಚ್ಚು ಹಿಡಿದಿತ್ತು, ಸುಳ್ಳೇ ಅತ್ತೆಯನ್ನು ಕಳ್ಳಿ ಮಾಡಿದೆ ಎಂದು ಜೀವಮಾನವೆಲ್ಲ ನಂಬುತ್ತಾಳೆ. ತನ್ನ ನಾಲಿಗೆಯನ್ನು ತಾನೇ ನಂಬದೆ ಬದುಕುತ್ತಾಳೆ. ಹಿರಿಯರು ಮುಂದೆ ಯಾವಾಗ ಬೇಕಾದರೂ ಆ ಹುಚ್ಚನ್ನು ಎತ್ತಿ ಆಡಬಹುದು. ಮನೆ ಮುಟ್ಟುವಷ್ಟರಲ್ಲಿ ಹೇಳಿಬಿಡುವುದೆಂದು ನಿಶ್ಚಯಿಸಿದ್ದೆ.

ಮರುದಿನ ಚಾಚಾನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಗಂಡ ಮಗ್ಗದಲ್ಲಿದ್ದ, ಆಕೆ ಪಕ್ಕದಲ್ಲಿ ನೂಲು ಬಿಡಿಸುತ್ತಿದ್ದಳು, ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮೂವರನ್ನೂ ಒಂದು ಕಡೆ ಕೂಡಿಸಿ ಮೊದಲು ಅತ್ತೆಗೆ ಹೇಳಿದೆ: "ಅವ್ವಾ, ಆವತ್ತು ಮಾಡಿದ ಆಣಿ ಇವತ್ತಿಗೆ ಮುಗೀತು. ಹೇಳಿಬಿಡ್ರಿ."

"ಅಯ್ಯ ಶಿವನ, ಲಿಂಗ ಮುಟ್ಟಿ ಮಾಡಿದ್ದು ಅಕ್ಕಾರ. ಮುಗೀತು ಅಂದ್ರ ಮುಗೀತೈತೇನು?"

"ಮಾಡಿಸಿದಾಕಿ ನಾ. ಪಾಪ ಇದ್ರ ನನಗ ಹತ್ತಲಿ."

ಮುದುಕಿ ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆಲೇ ಅಳತೊಡಗಿದಳು. "ಆರ ತಿಂಗಳಾತ್ರಿ! ಓಣ್ಯಾಗ ವಿಷಾ ಹಾಕಾಕಿ ಅನಿಸಿಕೊಂಡೆ. ಹೆತ್ತ ಮಗ ನನ್ನ ಮಾರಿ ನೋಡೂದ ಬಿಟ್ಟ. ಆದ್ರೂ ಬಾಯಿ ಬಿಡಲಿಲ್ಲ, ಸೊಸಿ ಆರಾಮ ಆಗತಾಳ ಅಂದಿದ್ರಿ ಅಂತ. ದವಾಖಾನಿಗೆ ಬಂದಾಗೊಮ್ಮೆ ನಿಮ್ಮ ಮಾರಿ ನೋಡತಿದ್ದೆ, ಇವತ್ತಾರ ಒಂದ ಮಾತು ಹೇಳತಾರ ಅಂತ."

ಚಂಚಿಯನ್ನು ಸೊಂಟದಿಂದ ಕಿತ್ತು ಸೊಸೆಯ ಮುಂದೆ ಇಟ್ಟಳು. ಉಳಿದ ಪುಡಿಕೆಗಳು ಅದರಲ್ಲಿದ್ದವು.

ನಾನು ಸೊಸೆಗೆ ಎಲ್ಲವನ್ನೂ ಹೇಳಿದೆ. ಗುಳಿಗೆ ಏನು, ಯಾಕೆ ಕೊಟ್ಟಿದ್ದು, ಹೇಳಿದವಳು ನಾನು, ಮರೆತವಳೂ ನಾನು. ಆಕೆ ಅಳಲಿಲ್ಲ, ಕೂಗಾಡಲಿಲ್ಲ.

"ಯಾವಾಗಿಂದ?"

"ಹೋಳಿ ಹುಣ್ಣಿವಿಯಿಂದ."

"ದಿನಾ?"

"ದಿನಾ."

"ಅಂದ್ರ ನಾ ಅಂದಿದ್ದು ಖರೆ."

"ಖರೆ."

ಗಂಡನ ಕಡೆ ತಿರುಗಿ, "ಕೇಳಿದ್ರೇನು?" ಎಂದಳು. ಆತ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟ. ಆಮೇಲೆ ನನಗೆ, "ನೀರು ಕುಡದು ತೋರಿಸಿದ್ರಿ ನೀವು. ಇಷ್ಟ ದಿನದಾಗ ಈ ಊರಾಗ ನಾ ನಂಬಿ ಕುಡದದ್ದು ನಿಮ್ಮ ಕೈ ನೀರು ಒಂದs" ಎಂದಳು. "ಏಳ್ರಿ. ಹೋಗ್ರಿ."

ಎದ್ದು ಬಂದೆವು. ದವಾಖಾನೆಯ ಮೆಟ್ಟಿಲ ಹತ್ತಿರ ಚಾಚಾ, "ಅರದವರು ನೀವಲ್ರಿ, ನಾ" ಎಂದರು.

ವೈದ್ಯರು ಹೇಳಿದ ಪ್ರಕಾರ ಔಷಧವನ್ನು ಹಂತಹಂತವಾಗಿ ಇಳಿಸಬೇಕಾಗಿತ್ತು, ಒಮ್ಮೆಲೇ ನಿಲ್ಲಿಸುವಂತಿರಲಿಲ್ಲ. ಈ ಸಲ ಚಾಚಾ ಅರೆಯಲಿಲ್ಲ. ಇಡೀ ಗುಳಿಗೆಗಳನ್ನು ಬಾಟಲಿಯಲ್ಲಿ ಹಾಕಿ ಗಂಡನ ಕೈಯಲ್ಲಿ ಕಳಿಸಿದೆವು, ಎಷ್ಟು, ಯಾವಾಗ ಎಂದು ವಿವರಿಸಿ. ಆಕೆ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ತಾನೇ ಎಣಿಸಿ ನುಂಗುತ್ತಾಳೆ ಎಂದು ಗಂಡ ಬಂದು ಹೇಳಿದ. ಬುಧವಾರ ಆಕೆ ನನ್ನ ಕೋಣೆಗೆ ಬರಲಿಲ್ಲ.

ಮಹಾನವಮಿ ಮುಗಿಯಿತು. ಹಿರಿಯರು ಕೂಡಿದ ದಿನ ನನ್ನನ್ನು ಯಾರೂ ಕರೆದಿರಲಿಲ್ಲ, ನಾನೇ ಹೋಗಿ ಕಂಬಕ್ಕೆ ಒರಗಿ ನಿಂತೆ. ನಡೆದದ್ದನ್ನು ಹೇಳಿದೆ. ಒಬ್ಬ ಹಿರಿಯರು ಮೀಸೆ ನೀವುತ್ತ, "ಗುಟ್ಟಾಗಿ ಹಾಕು ಅಂದವರೂ ನೀವs, ಇವತ್ತ ಆಕಿಗೆ ಹುಚ್ಚಿಲ್ಲ ಅನ್ನವರೂ ನೀವs. ಯಾವುದ ನಂಬೂಣು ಅಕ್ಕಾರ?" ಎಂದರು.

"ನನ್ನ ನಂಬಬ್ಯಾಡ್ರಿ" ಎಂದೆ. "ನೀವು ನೇಕಾರರು. ಆಕಿ ಕೈ ನೋಡ್ರಿ."

ಆಗ ಅತ್ತೆ ಎದ್ದು ನಿಂತಳು. "ನನ್ನ ಕೈಲೇ ಹಾಕೀನಿ. ಆಕಿ ಅಂದಿದ್ದೆಲ್ಲಾ ಖರೆ. ಚೀಟಿ ಬರಿಯೂದಿದ್ರ ಮೊದಲ ನನಗ ಬರದು ಹೊರಗ ಹಾಕ್ರಿ" ಎಂದಳು. ಗುಜುಗುಜು ಎದ್ದಿತು. ಕೊನೆಗೆ ದೀಪಾವಳಿ ಅಮಾವಾಸ್ಯೆಯವರೆಗೆ ನೋಡುವುದು, ಅಷ್ಟರಲ್ಲಿ ಆಕೆ ಒಂದು ಸೀರೆಗೆ ಕೊಂಡಿ ಹಾಕಿ ತೋರಿಸಬೇಕು ಎಂದು ಮಾತಾಯಿತು.

ಅಮಾವಾಸ್ಯೆಗೆ ಮಗ್ಗಗಳೆಲ್ಲ ನಿಂತಿದ್ದವು. ಗಂಡ ಸೀರೆ ಬಿಡಿಸಿ ಹಿರಿಯರ ಮುಂದೆ ಹಾಸಿದ. ಮೀಸೆಯ ಹಿರಿಯರು ಸೆರಗು ಒಡಲಿಗೆ ಕೂಡಿದಲ್ಲಿ ಉಗುರಾಡಿಸುತ್ತ ಈ ಅಂಚಿನಿಂದ ಆ ಅಂಚಿಗೆ ಹೋದರು. ತಿರುವಿ ಹಾಕಿ ಹಿಂಬದಿಯನ್ನೂ ನೋಡಿದರು. ಒಂದು ಎಳೆ ಜಾರಿರಲಿಲ್ಲ. "ಹುಚ್ಚಿ ಕೈ ಅಲ್ಲಪಾ ಇದು" ಎಂದು ಸೀರೆ ಮಡಚಿ ಆಕೆಯ ಕೈಗೇ ಕೊಟ್ಟರು. ಸೋಡಚೀಟಿಯ ಮಾತು ಅಲ್ಲಿಗೆ ಮುಗಿಯಿತು. ಆಕೆ ನನ್ನ ಕಡೆ ನೋಡಲಿಲ್ಲ.

ಮುಂದಿನ ಬುಧವಾರ ಗಂಡ ಬಂದು, ಮನೆಯಲ್ಲಿ ಊಟಕ್ಕೆ ಕರೆದಿದ್ದಾರೆ ಎಂದ. ಯಾರು ಕರೆದದ್ದು ಎಂದು ಕೇಳಿದೆ. "ಆಕಿನs" ಎಂದ.

ಅತ್ತೆ, ಮಗಳು ಆಗಲೇ ಉಣ್ಣಲು ಕೂತಿದ್ದರು. ಮಗಳು ರೊಟ್ಟಿಯ ಚೂರನ್ನು ಅಜ್ಜಿಯ ತಾಟಿನ ಬೆಣ್ಣೆಗೆ ಅದ್ದಿ ತಿನ್ನುತ್ತಿದ್ದಳು. ಆಕೆ ನನ್ನ ಮುಂದೆ ತಾಟು ಇಟ್ಟಳು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ನಡುವೆ ಪುಂಡಿಪಲ್ಲೆ. ಬಡಿಸಿದ ಕೈ ನಡುಗಲಿಲ್ಲ. ನಾನು ರೊಟ್ಟಿ ಮುರಿದು ಪಲ್ಲೆ ಹಚ್ಚಿದೆ. ತುತ್ತು ಬಾಯಿಯ ಹತ್ತಿರ ಬಂದಾಗ ಕೈ ನಿಂತಿತು. ಬೇಕೆಂದು ನಿಲ್ಲಿಸಿದ್ದಲ್ಲ, ತಾನಾಗಿ ನಿಂತದ್ದು. ಒಂದೇ ಗಳಿಗೆ.

ಆಕೆ ಎದುರಿಗೇ ಕೂತಿದ್ದಳು. ನೋಡಿದಳು.

"ಬೆಳಕಿಗೆ ಹಿಡದು ನೋಡತೀರೇನ್ರಿ?"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ತುತ್ತು ಬಾಯಿಗಿಟ್ಟೆ. ಹುಳಿ, ಖಾರ, ಬೆಳ್ಳುಳ್ಳಿ. ನನ್ನ ನಾಲಿಗೆ ಅದರೊಳಗೆ ಕಹಿಯನ್ನು ಹುಡುಕುತ್ತಿತ್ತು, ಬೇಡವೆಂದರೂ ಹುಡುಕುತ್ತಿತ್ತು. ನುಂಗುವವರೆಗೂ ಆಕೆ ನನ್ನ ಗಂಟಲನ್ನೇ ನೋಡುತ್ತಿದ್ದಳು.

"ಹಿಂಗs ಇತ್ರಿ ನನಗ" ಎಂದಳು. "ದಿನಾ, ಎರಡೂ ಹೊತ್ತು."

ಆಮೇಲೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.